ಇ. ಕೋಲಿಯೋ, ಎಚ್‌ಇಕೆ ಕೋಶವೋ?

ಬಳ್ಳಾರಿಯ ಲ್ಯಾಬ್‌ನಲ್ಲಿ ಮಾನವ ಪ್ರೋಟೀನ್ ತಯಾರಿಸಲು ಇ. ಕೋಲಿ ಬ್ಯಾಕ್ಟೀರಿಯಾ ಸಾಕಾ, ಎಚ್‌ಇಕೆ 293 (ಮಾನವ ಭ್ರೂಣದ ಮೂತ್ರಪಿಂಡದಿಂದ ಬಂದ) ಕೋಶಗಳೇ ಬೇಕಾ ಅಂತ ಕೇಳಿದ್ದೀರಿ. ಮೊದಲು ನಿಮ್ಮ ಪ್ರೋಟೀನ್ ಯಾವುದು ನೋಡಿ. ಅದಕ್ಕೆ ಸಕ್ಕರೆ ಸರಪಳಿ ಅಂಟಬೇಕಾದರೆ ಇ. ಕೋಲಿ ಕೈಕೊಡುತ್ತದೆ. ರಕ್ತಹೀನತೆಗೆ ಕೊಡುವ ಎರಿತ್ರೊಪೊಯೆಟಿನ್ ಔಷಧವನ್ನು ಸಸ್ತನಿ ಕೋಶಗಳಲ್ಲಿ ಮಾಡುವುದು ಇದಕ್ಕೇ. ಇನ್ಸುಲಿನ್‌ಗೆ ಆ ಗೋಜಿಲ್ಲ; 1978ರಲ್ಲೇ ಇ. ಕೋಲಿಯಲ್ಲಿ ತಯಾರಾಯಿತು.

ಬ್ಯಾಕ್ಟೀರಿಯಾ ಅಗ್ಗ, ಬೇಗ. ಆದರೆ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಗಂಟುಗಂಟಾಗಿ ಕೂರುವುದುಂಟು. ಆಗ 37 ಡಿಗ್ರಿ ಬಿಟ್ಟು 18ರಲ್ಲಿ ರಾತ್ರಿಯಿಡೀ ಬೆಳೆಸಿ ನೋಡಿ.

ಎಚ್‌ಇಕೆಗೆ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್, ಕೋಶ ಬೆಳೆಸುವ ದುಬಾರಿ ಪೋಷಕ ದ್ರವ, ನಂಬುವಂಥ ಕರೆಂಟ್ ಬೇಕು. ನಮ್ಮ ಬೇಸಿಗೆಯಲ್ಲಿ ಬ್ಯಾಕಪ್ ಇಲ್ಲದೆ ಸುಮ್ನೆ ಕೈಹಾಕಬೇಡಿ.

ಸ್ವಲ್ಪವೇ ಸಾಕಿದ್ದರೆ ಒಣಪುಡಿ ರೂಪದ ಸಿದ್ಧ ಪ್ರೋಟೀನನ್ನೇ ಕೊಂಡುಬಿಡಿ. ದಾರಿಯ ಬಿಸಿಲನ್ನು ಅದು ದ್ರವಕ್ಕಿಂತ ಚೆನ್ನಾಗಿ ತಾಳುತ್ತದೆ. ಕರಗಿಸಿದ ಮೇಲೆ ಸಣ್ಣ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿಡಿ, ಪದೇಪದೇ ಹೆಪ್ಪುಗಟ್ಟಿಸಿ ಕರಗಿಸಬೇಡಿ.