ನಡುಗಡ್ಡೆ ಉಳಿಸುವ ಕೆಲಸಕ್ಕೆ ಯಾವ ನಕ್ಷೆ: ಗೂಗಲ್ ಅರ್ಥ್ ಪ್ರೊ, ಅರ್ಥ್ ಇಂಜಿನ್, ಕ್ಯೂಜಿಐಎಸ್

ಸಿಹಿನೀರಿನ ನಡುಗಡ್ಡೆಯ ನಕ್ಷೆ ಮಾಡಲು ಕೂತಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ವರ್ಷದಲ್ಲಿ ಎಷ್ಟು ತಿಂಗಳು ಇದು ನಡುಗಡ್ಡೆಯಾಗಿ ಉಳಿಯುತ್ತದೆ? ನೀರು ಇಳಿದಾಗ ದಂಡೆಗೂ ಅದಕ್ಕೂ ನಡುವೆ ಮರಳಿನ ದಾರಿ ಎದ್ದರೆ ನರಿ, ನಾಯಿ, ದನ ಎಲ್ಲವೂ ನಡೆದೇ ಒಳಗೆ ಬರುತ್ತವೆ. ನೆಲದ ಮೇಲೆ ಮೊಟ್ಟೆಯಿಡುವ ರೀವದಂಥ (ಟರ್ನ್) ಹಕ್ಕಿಗಳಿಗೆ ಸುತ್ತಲಿನ ನೀರೇ ಬೇಲಿ. ಉತ್ತರ ಅಮೆರಿಕದ ಹ್ಯೂರಾನ್ ಸರೋವರದ ನೀರು 2013ರ ಜನವರಿಯಲ್ಲಿ ದಾಖಲೆಯ ಕನಿಷ್ಠ ಮಟ್ಟಕ್ಕೆ ಇಳಿದಿತ್ತು. 2020ರ ಬೇಸಿಗೆಯ ಹೊತ್ತಿಗೆ ಅಲ್ಲಿಂದ ಒಂದೂವರೆ ಮೀಟರಿಗೂ ಹೆಚ್ಚು ಏರಿತ್ತು. ಇಷ್ಟು ಏರಿಳಿತವಿರುವ ಕಡೆ ಒಂದೇ ತೀರರೇಖೆ ಎಳೆದು ಕೈತೊಳೆದುಕೊಂಡರೆ ಆ ನಕ್ಷೆ ಯಾವ ಕೆಲಸಕ್ಕೂ ಬಾರದು.

ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಮೂರೂ ಸಾಧನಗಳಲ್ಲಿ ಕೆಲಸ ಮಾಡಿ ನೋಡಿದ್ದೇನೆ.

ಉಪಗ್ರಹ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಗೂಗಲ್ ಅರ್ಥ್ ಪ್ರೊ ಕಲಿಯಲು ಹೆಚ್ಚು ಸಮಯ ಬೇಡ. ಹಳೆಯ ಚಿತ್ರಗಳ ಪಟ್ಟಿಯನ್ನು ಹಿಂದೆ ಮುಂದೆ ಸರಿಸಿದರೆ ಮರಳುದಿಬ್ಬ ಹುಟ್ಟಿದ್ದು, ಕರಗಿದ್ದು ಕಣ್ಣೆದುರೇ ಕಾಣುತ್ತದೆ. ಮೀನುಗಾರರ ಮುಂದೆ ಪರದೆ ತೆರೆದಿಟ್ಟರೆ ಸಾಕು, ಸೆಳವು ಎಲ್ಲಿ, ಬಂಡೆ ಎಲ್ಲಿ ಎಂದು ಅವರೇ ಬೆರಳಿಟ್ಟು ತೋರಿಸುತ್ತಾರೆ. ಈ ವಿಷಯದಲ್ಲಿ ಉಳಿದೆರಡು ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಚಿತ್ರಗಳು ನಿಯಮಿತ ಅಂತರದಲ್ಲಿ ಸಿಗುವುದಿಲ್ಲ, ಮೋಡವಿಲ್ಲದ ದಿನಗಳವೇ ಹೆಚ್ಚು. ತುಂಬಿ ಹರಿಯುವ ಕಾಲದ ರೂಪ ಬೇಕೆಂದಾಗ ಕೈ ಖಾಲಿ. ಪಕ್ಕಪಕ್ಕದ ತುಂಡುಗಳು ಬೇರೆ ಬೇರೆ ದಿನದವೂ ಆಗಿರಬಹುದು, ಹಾಗಾಗಿ ಗೆರೆ ಎಳೆಯುವ ಮುನ್ನ ಪರದೆಯ ಕೆಳಗಿನ ದಿನಾಂಕ ನೋಡಲೇಬೇಕು.

ಕಾಲದ ಲೆಕ್ಕ ಬೇಕಿದ್ದರೆ ಅರ್ಥ್ ಇಂಜಿನ್, ಉಪಗ್ರಹ ಚಿತ್ರಗಳ ರಾಶಿಯನ್ನು ಆನ್‌ಲೈನಿನಲ್ಲೇ ಲೆಕ್ಕ ಹಾಕುವ ಗೂಗಲ್‌ನ ವ್ಯವಸ್ಥೆ. ವಾಣಿಜ್ಯೇತರ ಬಳಕೆಗೆ ಉಚಿತ, ಆದರೆ ಕೋಡ್ ಬರೆಯಬೇಕು. ಅದರಲ್ಲಿ ಸಿಗುವ ಗ್ಲೋಬಲ್ ಸರ್ಫೇಸ್ ವಾಟರ್ ದತ್ತಾಂಶ 1984ರಿಂದೀಚಿನ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರಗಳನ್ನು ಜಾಲಾಡಿ, ಚಿತ್ರದ ಚುಕ್ಕಿಯಾದ ಪ್ರತಿ ಪಿಕ್ಸೆಲ್‌ನಲ್ಲಿ ಶೇಕಡಾ ಎಷ್ಟು ಬಾರಿ ನೀರು ಕಂಡಿದೆ ಎಂದು ಹೇಳುತ್ತದೆ. ದಂಡೆಗೂ ನಡುಗಡ್ಡೆಗೂ ನಡುವಿನ ಕಾಲುವೆ ಆಗಾಗ ಒಣಗುತ್ತದೆಯೇ ಎಂಬುದಕ್ಕೆ ಇದಕ್ಕಿಂತ ನೇರ ಉತ್ತರ ನನಗೆ ಸಿಕ್ಕಿಲ್ಲ.

ತೊಡಕಿರುವುದು ಅಳತೆಯಲ್ಲಿ. ಲ್ಯಾಂಡ್‌ಸ್ಯಾಟ್ ಪಿಕ್ಸೆಲ್ 30 ಮೀಟರ್ ಚದರ, ಅಂದರೆ 900 ಚದರ ಮೀಟರ್. ಒಂದು ಎಕರೆಯ ನಡುಗಡ್ಡೆ ಬರೀ ನಾಲ್ಕೂವರೆ ಪಿಕ್ಸೆಲ್; ಅದರಲ್ಲೂ ಬಹುಪಾಲು ಅಂಚಿನವು, ಅರ್ಧ ನೀರು ಅರ್ಧ ನೆಲ. ಹ್ಯೂರಾನ್ ಸರೋವರದ, 2,700 ಚದರ ಕಿಲೋಮೀಟರಿಗೂ ದೊಡ್ಡ ನಡುಗಡ್ಡೆಯಾದ ಮ್ಯಾನಿಟೂಲಿನ್‌ಗೆ ಇದು ಲೆಕ್ಕಕ್ಕೇ ಬರುವುದಿಲ್ಲ, ಪುಟ್ಟ ದಿಬ್ಬಕ್ಕೆ ಇದೇ ಎಲ್ಲ. 2015ರಿಂದ ಸಿಗುವ ಸೆಂಟಿನೆಲ್-2 ಉಪಗ್ರಹಗಳ 10 ಮೀಟರ್ ಚಿತ್ರದಲ್ಲಿ ಅದೇ ಎಕರೆಗೆ 40 ಪಿಕ್ಸೆಲ್ ಸಿಗುತ್ತದೆ. ಹಸಿರು ಬೆಳಕು ಮತ್ತು ಕಣ್ಣಿಗೆ ಕಾಣದ ಸಮೀಪದ ಅವಕೆಂಪು ಬೆಳಕಿನ ಬ್ಯಾಂಡ್‌ಗಳನ್ನು ಹೋಲಿಸಿ ನೀರು, ನೆಲ ಬಿಡಿಸಬಹುದು. ಆದರೂ ನೀರಿನ ಮೇಲೆ ಬಾಗಿದ ಮರ, ಆಪು, ಜೊಂಡು ಎಲ್ಲವೂ ನೆಲದ ಲೆಕ್ಕಕ್ಕೇ ಸೇರುತ್ತವೆ. ಮೋಡ ಕವಿದಾಗ ಸೆಂಟಿನೆಲ್-1ರ ರೇಡಾರ್ ನೆರವಾಗುತ್ತದೆ, ಗಾಳಿಗೆ ನೀರು ಅಲೆಯೆದ್ದ ದಿನ ಮಾತ್ರ ಅದನ್ನೂ ನಂಬಲಾಗದು.

ಕ್ಯೂಜಿಐಎಸ್ ನಕ್ಷೆ ಮಾಡುವ ಉಚಿತ ತಂತ್ರಾಂಶ; ತಾನಾಗಿ ಏನನ್ನೂ ಹುಡುಕಿ ಕೊಡುವುದಿಲ್ಲ. ಲೇಯರ್ (ನಕ್ಷೆಯ ಪದರ) ಸೇರಿಸುವುದು, ನಿರ್ದೇಶಾಂಕ ವ್ಯವಸ್ಥೆ ಹೊಂದಿಸುವುದು ಎಲ್ಲ ನಮ್ಮದೇ ಕೆಲಸ, ಮೊದಮೊದಲು ಬೇಸರ ಬರುತ್ತದೆ. ಆದರೂ ನನ್ನ ಮತ ಇದಕ್ಕೇ. ಕಾರಣ ಆಟ್ರಿಬ್ಯೂಟ್ ಟೇಬಲ್, ಅಂದರೆ ಪ್ರತಿ ಗೆರೆಯ ವಿವರ ಬರೆದಿಡುವ ಪಟ್ಟಿ. ಎಳೆದ ಪ್ರತಿ ತೀರರೇಖೆಯ ಪಕ್ಕದಲ್ಲೂ ಚಿತ್ರದ ದಿನಾಂಕ, ಆ ದಿನ ಮಾಪನ ಕಂಬದಲ್ಲಿದ್ದ ನೀರಿನ ಮಟ್ಟ, ಗೆರೆ ಎಳೆದವರು ಯಾರು ಎಂಬ ಕಾಲಂಗಳನ್ನು ಇಡುತ್ತೇನೆ. ಹೀಗೆ ಹಲವು ಗೆರೆ ಕೂಡಿದ ಮೇಲೆ, ನೀರು ಇಂಥ ಮಟ್ಟಕ್ಕಿಂತ ಕೆಳಗಿಳಿದರೆ ಈ ಮೂಲೆ ದಂಡೆಗೆ ಸೇರುತ್ತದೆ ಎಂದು ಧೈರ್ಯವಾಗಿ ಹೇಳಬಹುದು. ಕಾವಲು ಯಾವಾಗ ಹಾಕಬೇಕು ಎಂಬುದಕ್ಕೆ ಬೇಕಾದ ಮಾತು ಅದೇ. ಕ್ಯೂಫೀಲ್ಡ್ ಆ್ಯಪ್ ಇದ್ದರೆ ಅದೇ ನಕ್ಷೆ ನೆಟ್‌ವರ್ಕ್ ಇಲ್ಲದ ಕಡೆಯೂ ಫೋನಿನಲ್ಲಿ ತೆರೆಯುತ್ತದೆ. ದೋಣಿಯಿಂದ ಇಳಿದು ಅಂಚಿನುದ್ದಕ್ಕೂ ನಡೆದು ಗೆರೆ ತಿದ್ದಬಹುದು. ಗೂಡುಗಳ ಜಾಗ ನಮ್ಮ ಕಂಪ್ಯೂಟರಿನಲ್ಲೇ ಉಳಿಯುವುದೂ ಸಣ್ಣ ಮಾತಲ್ಲ. ಮೊಟ್ಟೆಗಳ್ಳರ ಕೈಗೆ ನಕ್ಷೆ ಸಿಗಬಾರದು.

ಒಂದನ್ನೇ ಆರಿಸಿ ಎಂದರೆ ಕ್ಯೂಜಿಐಎಸ್. ಎರಡು ಕಲಿಯುವಷ್ಟು ಬಿಡುವಿದ್ದರೆ ಜೊತೆಗೆ ಅರ್ಥ್ ಇಂಜಿನ್: ಅಲ್ಲಿ ಸಿಕ್ಕ ನೀರಿನ ಪದರವನ್ನು ಇಳಿಸಿಕೊಂಡು ಇಲ್ಲಿ ತಂದು ತಿದ್ದುತ್ತೇನೆ. ಗೂಗಲ್ ಅರ್ಥ್ ಪ್ರೊ ಊರವರ ಜೊತೆ ಕೂತು ಮಾತಾಡುವ ದಿನಕ್ಕೆ. ಇನ್ನು ದೋಣಿಗಳನ್ನು ದೂರವಿಡುವ ಗಡಿಯನ್ನು, ಯಾವ ಸಾಧನದಲ್ಲಿ ಎಳೆದರೂ, ಮೊಟ್ಟೆಯಿಡುವ ತಿಂಗಳ ತಗ್ಗುನೀರಿನ ಗೆರೆಯಿಂದ ಅಳೆಯಿರಿ. ತುಂಬಿದ ನೀರಿನ ಗೆರೆಯಿಂದ ಅಳೆದರೆ, ಹಕ್ಕಿಗಳು ಗೂಡು ಮಾಡುವ ಮರಳಿನ ಅಂಚೇ ರಕ್ಷಣೆಯ ಬಹುಪಾಲನ್ನು ಕಳೆದುಕೊಳ್ಳುತ್ತದೆ.