380 ಡಾಲರ್ ಹೋಯ್ತು, ಮರ್ಯಾದೆಯೂ ಹೋಯ್ತು: ಗ್ರೀಸ್ ಮೆತ್ತಿದ ವಾಕರ್ ರಿವಾಲ್ವರ್ ಕೊಳ್ಳಬೇಡಿ

ಟೆಕ್ಸಸ್‌ನ ಗನ್ ಶೋಗಳಲ್ಲಿ, ಅಂದರೆ ಬಂದೂಕಿನ ಸಂತೆಗಳಲ್ಲಿ, ಕೇಪಿನ ರಿವಾಲ್ವರ್ (ಪ್ರತಿ ಈಡಿಗೂ ಸಿಡಿಯುವ ಪುಟ್ಟ ಕೇಪು ಕೂರಿಸುವ ಹಳೇ ಮಾದರಿ) ಹುಡುಕುತ್ತಿರುವ ಕನ್ನಡದವರು ಯಾರಾದರೂ ಇದ್ದರೆ ದಯವಿಟ್ಟು ಓದಿ. ಸಿಲಿಂಡರ್ ತುಂಬ ಗ್ರೀಸ್ ಮೆತ್ತಿದ ವಾಕರ್ ಕಂಡರೆ ದುಡ್ಡು ತೆಗೆಯಬೇಡಿ. ನಾನು ತೆಗೆದೆ. 380 ಡಾಲರ್, ನಗದು. ಒಂದು ಚೀಟಿಯೂ ಇಲ್ಲ.

ದುಡ್ಡಿಗಿಂತ ನಾಚಿಕೆ ಜಾಸ್ತಿ. ನಾನು ಕೊಡಗಿನವನು. ತಾತನ ಕೇಪಿನ ಕೋವಿಗೆ ಗಜದ ಕೋಲು ಹಾಕಿ ಒರೆಸುವ ಕೆಲಸ ಚಿಕ್ಕಂದಿನಲ್ಲಿ ನನ್ನದೇ ಆಗಿತ್ತು. ನಳಿಗೆಯಲ್ಲಿ ಚೂರು ತುಕ್ಕು ಕಂಡರೂ ಬೈಗುಳ. ಅಂಥ ಮನೆಯಿಂದ ಬಂದವನಿಗೇ ಟೋಪಿ ಹಾಕಿದರು. ಸೆಪ್ಟೆಂಬರಿನಲ್ಲಿ ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಇಲ್ಲೂ ಒಂದು ಕೋವಿ ಇಟ್ಟು ಪೂಜೆ ಮಾಡೋಣ, ಅಪ್ಪನಿಗೆ ವಿಡಿಯೋದಲ್ಲಿ ತೋರಿಸೋಣ ಅಂತ ಆಸೆ ಇತ್ತು. ಆ ದಿನ ಕೋವಿಗೆ ಇಡುವ ತೋಕ್ ಪೂ ಹೂವು ಇಲ್ಲಿ ಎಲ್ಲಿ ಸಿಗಬೇಕು, ಚೆಂಡು ಹೂವೇ ಸಾಕು ಅಂದುಕೊಂಡಿದ್ದೆ.

ವಾಕರ್ ಯಾಕೆ ಅಂದರೆ, ಟೆಕ್ಸಸ್‌ನಲ್ಲಿದ್ದುಕೊಂಡು ಬೇರೆ ಯಾವುದನ್ನು ತಗೊಳ್ಳೋದು? ಹಿಂದೆ ಟೆಕ್ಸಸ್ ರೇಂಜರ್ ಪಡೆಯಲ್ಲಿದ್ದ ಸ್ಯಾಮ್ಯುಯಲ್ ವಾಕರ್ ಹೇಳಿ, ಬಂದೂಕು ತಯಾರಕ ಸ್ಯಾಮ್ಯುಯಲ್ ಕೋಲ್ಟ್ 1847ರಲ್ಲಿ ಮಾಡಿಸಿದ ರಾಕ್ಷಸ ಅದು. ಎರಡು ಕಿಲೋ ತೂಕ, ಒಂಬತ್ತು ಇಂಚಿನ ನಳಿಗೆ, ತಿರುಗುವ ಸಿಲಿಂಡರಿನಲ್ಲಿ ಮದ್ದು-ಗುಂಡು ತುಂಬುವ ಆರು ಗೂಡು (ಚೇಂಬರ್), ಒಂದೊಂದಕ್ಕೂ 60 ಗ್ರೇನ್, ಅಂದರೆ ನಾಲ್ಕು ಗ್ರಾಂ ಹತ್ತಿರ, ಕರಿಮದ್ದು. ಆಗ ಮಾಡಿದ್ದು ಸುಮಾರು 1,100 ಮಾತ್ರ, ಅವುಗಳಲ್ಲಿ ಉಳಿದವು ನಮ್ಮ ಕೈಗೆಟುಕುವ ಬೆಲೆಯವಲ್ಲ. ನಮ್ಮಂಥವರಿಗೆ ಇಟಲಿಯಲ್ಲಿ ಮಾಡಿದ ನಕಲು. ಹೊಸದಕ್ಕೆ ಐನೂರರ ಮೇಲೆ ಬೀಳುತ್ತದೆ. ಅಲ್ಲೇ ನಾನು ಜಾಣ ಆಗಲು ಹೋದದ್ದು.

ಗನ್ ಶೋದಲ್ಲಿ ಒಂದು ಮೇಜಿನ ಹಿಂದೆ ಒಬ್ಬ ಅಜ್ಜ. ದೊಡ್ಡ ಟೋಪಿ, ಮೆದು ಮಾತು. "ಎರಡು ವರ್ಷದ ಹಿಂದೆ ತಗೊಂಡದ್ದು ಸರ್, ಒಂದು ಡಬ್ಬಿ ಕೇಪು ಕೂಡ ಖಾಲಿ ಮಾಡಿಲ್ಲ" ಅಂದ. ಹೊರಗಿನ ಕಪ್ಪು ಬಣ್ಣ ಮಿರಮಿರ ಅನ್ನುತ್ತಿತ್ತು. ಚೇಂಬರ್ ಒಳಗೆಲ್ಲ ದಪ್ಪ ಗ್ರೀಸ್. ಒಂದು ಬಟ್ಟೆ ಕೊಡಿ, ಒರೆಸಿ ನೋಡುತ್ತೇನೆ ಅಂದೆ. "ಬೇಡ ಸರ್, ತುಕ್ಕು ಹಿಡಿಯದ ಹಾಗೆ ಹಾಕಿದ್ದು, ಮನೆಗೆ ಹೋಗಿ ಒರೆಸಿ." ಬೆಣೆ ತೆಗೆದು ನಳಿಗೆ ಬಿಚ್ಚಬಹುದಾ ಅಂದೆ. "ಬೆಣೆ ಬಿಗಿ ಇದೆ, ಇಲ್ಲಿ ಬಡಿದರೆ ಗೀರು ಬೀಳುತ್ತೆ." ನನ್ನ ಹಿಂದೆ ನಾಲ್ಕು ಜನ ನಿಂತಿದ್ದರು. ನಮ್ಮ ಹಾಳು ಸಂಕೋಚ ಗೊತ್ತಲ್ವಾ? ಸುಮ್ಮನೆ ತಲೆ ಆಡಿಸಿ ದುಡ್ಡು ಎಣಿಸಿದೆ.

ಅಮೆರಿಕದ ಕೇಂದ್ರದ ಕಾನೂನಿನ ಪ್ರಕಾರ ಇಂಥ ನಕಲು ಬಂದೂಕಿನ ಲೆಕ್ಕಕ್ಕೇ ಬರೋದಿಲ್ಲ. ಡೀಲರ್ ಕಾಗದ ಇಲ್ಲ, ಹಿನ್ನೆಲೆ ವಿಚಾರಣೆ ಇಲ್ಲ. ಕೆಲವು ರಾಜ್ಯಗಳ ನಿಯಮ ಬೇರೆ, ನಿಮ್ಮದು ನೋಡಿಕೊಳ್ಳಿ. ಆಗ ಇದೇ ಅನುಕೂಲ ಅನ್ನಿಸಿತು. ಕಾಗದ ಇಲ್ಲ ಅಂದರೆ ಆಮೇಲೆ ಹಿಡಿದು ಕೇಳಲು ಆಧಾರವೂ ಇಲ್ಲ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ.

ಮಾರನೇ ವಾರ ಗುಂಡು ಹೊಡೆಯುವ ರೇಂಜಿಗೆ ಹೋದೆ. ಭಯಕ್ಕೆ 40 ಗ್ರೇನ್ ಮಾತ್ರ ಹಾಕಿದೆ. ಮೊದಲ ಈಡು ಆಹಾ! ದೀಪಾವಳಿಯ ಗಂಧಕದ ವಾಸನೆ, ಮುಖದ ಮುಂದೆ ಬಿಳಿ ಮೋಡ. ನಳಿಗೆಯ ಕೆಳಗಿನ, ಗುಂಡು ಒತ್ತಿ ಕೂರಿಸುವ ಲಿವರ್ ಜೋಲಿ ಬಿತ್ತು. ಅದು ವಾಕರ್‌ನ ಹುಟ್ಟುಗುಣ, 1847ರಿಂದಲೂ ಹಾಗೇ, ಅದಕ್ಕೆ ಆ ಅಜ್ಜನನ್ನು ಬೈಯೋದಿಲ್ಲ. ಮೂರನೇ ಈಡಿಗೆ ಪಕ್ಕದಿಂದ ಏನೋ ಚಿಮ್ಮಿತು. ನಾಲ್ಕನೆಯದಕ್ಕೆ ಪಕ್ಕದ ಸಾಲಿನವನು "ಹೇ!" ಅಂತ ಕೂಗಿ ಕೈ ಉಜ್ಜಿಕೊಂಡ. ಸೀಸದ ಚೂರು! ಎಲ್ಲರ ಗುಂಡೂ ನಿಂತಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ.

ರೇಂಜ್ ಆಫೀಸರ್ ಬಂದರು. ಉಳಿದ ಈಡುಗಳನ್ನು ಗುರಿಯ ಕಡೆ ಇಟ್ಟು ಅವರೇ ಖಾಲಿ ಮಾಡಿಸಿದರು. ಆಮೇಲೆ ಖಾಲಿ ರಿವಾಲ್ವರ್ ಹಿಡಿದು ಕುದುರೆಯನ್ನು (ಕೇಪಿಗೆ ಬಡಿಯುವ ಸುತ್ತಿಗೆ) ನಿಧಾನವಾಗಿ, ತುಂಬಾ ನಿಧಾನವಾಗಿ ಎಳೆದು ತೋರಿಸಿದರು. ಕುದುರೆ ಪೂರ್ತಿ ಏರಿ ನಿಂತಿದೆ, ಸಿಲಿಂಡರ್ ಮಾತ್ರ ಇನ್ನೂ ಪೂರ್ತಿ ತಿರುಗಿಲ್ಲ. ಆರರಲ್ಲಿ ಎರಡು ಚೇಂಬರ್ ಹಾಗೆ. ಅಂದರೆ ಚೇಂಬರ್ ಬಾಯಿಯೂ ನಳಿಗೆ ಬಾಯಿಯೂ ನೇರಕ್ಕೆ ಬರದೆ ಗುಂಡನ್ನು ಕೆರೆಯುತ್ತಿವೆ. "ಯಾವಾಗಿನದು ಅಂತ ಹೇಳಿ ಕೊಟ್ಟರು?" ಅಂತ ಕೇಳಿದರು. ಎರಡು ವರ್ಷದ್ದು ಅಂದೆ. ಫ್ರೇಮಿನ ಮೇಲೆ ಪುಟ್ಟ ಚೌಕದೊಳಗೆ ಎರಡು ಇಂಗ್ಲಿಷ್ ಅಕ್ಷರ, ಬಿ ಮತ್ತು ಎಂ. ಬಂದೂಕು ಪರೀಕ್ಷೆ ಮಾಡಿದ ವರ್ಷ ಹೇಳುವ ಇಟಲಿಯ ಮುದ್ರೆ ಅದು. ಆ ಎರಡು ಅಕ್ಷರ ಅಂದರೆ 1999. ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅಡುಗೆಮನೆ ಸಿಂಕಿನಲ್ಲಿ ಬಿಸಿನೀರು, ಪಾತ್ರೆ ಸೋಪು. ಕರಿಮದ್ದಿನ ಮಸಿ ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತದೆ, ಅದೇ ದಿನ ತೊಳೆಯಲೇಬೇಕು. ಉಜ್ಜಿದ ಹಾಗೆ ಬಟ್ಟೆಗೆ ಕಪ್ಪು ಬಂತು. ಇನ್ನೂ ಬಂತು. ಮಸಿ ಅಂದುಕೊಂಡೆ. ಮಸಿ ಅಲ್ಲ, ಅವನು ಬಾಟಲಿಯಿಂದ ಬಳಿದಿದ್ದ ಬಣ್ಣ. ಕೆಳಗೆ ಸಿಡುಬಿನ ಕಲೆಯಂತೆ ಗುಳಿ ಗುಳಿ. ಗ್ರೀಸ್ ಹೋದ ಮೇಲೆ ಚೇಂಬರ್ ಒಳಗೂ ಅದೇ. ಕೇಪು ಕೂರಿಸುವ ನಿಪ್ಪಲ್‌ಗಳಲ್ಲಿ ಎರಡು ತುಕ್ಕಿಗೆ ಕಚ್ಚಿಕೊಂಡು ಇವತ್ತಿಗೂ ಬಿಚ್ಚಿ ಬಂದಿಲ್ಲ. ಹೆಂಡತಿ ಕಾಫಿ ಲೋಟ ಹಿಡಿದು ನಿಂತು ನೋಡಿದಳು. "ಇದಕ್ಕೆ ದುಡ್ಡು ಕೊಟ್ರಾ?" ಅಂದಳು, ಅಷ್ಟೇ.

ಮಾರಿದ ಅಜ್ಜನಿಗೆ ಫೋಟೋ ಕಳಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: "ನೀವು ತೊಳೆಯದೆ ಇಟ್ಟಿರಬೇಕು." ಒಂದು ವಾರದಲ್ಲಿ ಇಷ್ಟು ಗುಳಿಯಾ ಸ್ವಾಮಿ? 1999ರ ಮುದ್ರೆ ತೋರಿಸಿದೆ. ಅದಕ್ಕೆ ಅವನ ಮಾತು ಕೇಳಿ: "ಎರಡು ವರ್ಷದ ಹಿಂದೆ ನಾನು ತಗೊಂಡೆ ಅಂದೆ. ಎರಡು ವರ್ಷದ ಹಿಂದೆ ಮಾಡಿದ್ದು ಅಂತ ಹೇಳಿದ್ನಾ?" ಓದಿ ಐದು ನಿಮಿಷ ಸುಮ್ಮನೆ ಕೂತೆ. ಸರಿ, ಸಿಲಿಂಡರ್ ಸರಿಯಾಗಿ ತಿರುಗುತ್ತಿಲ್ಲವಲ್ಲ ಅಂದೆ. "1847ರ ಡಿಸೈನ್ ಸರ್, ಇನ್ನೇನು ಬೇಕು ನಿಮಗೆ?" ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂದೆ. ಅದಕ್ಕೆ ಹೆಬ್ಬೆರಳಿನ ಚಿತ್ರ ಕಳಿಸಿದ. ಆಮೇಲೆ ಉತ್ತರ ಇಲ್ಲ.

ಹೋಗುವವರು ಒಂದು ಬಟ್ಟೆ, ಒಂದು ಸಣ್ಣ ಟಾರ್ಚ್ ಜೇಬಿನಲ್ಲಿಟ್ಟುಕೊಳ್ಳಿ. ಗ್ರೀಸ್ ಒರೆಸಿ ಆರೂ ಚೇಂಬರ್ ನೋಡಿ. ಬೆಣೆ ಬಿಚ್ಚಲು ಬಿಡದವನ ಹತ್ತಿರ ಮಾತೇ ಬೇಡ. ಕೇಳಿಕೊಂಡು ಕುದುರೆಯನ್ನು ನಿಧಾನವಾಗಿ ಆರು ಸಲ ಎಳೆದು ನೋಡಿ, ಚೌಕದೊಳಗಿನ ಅಕ್ಷರ ಓದಿ. ಹಿಂದೆ ಜನ ಕಾಯುತ್ತಿದ್ದರೆ ಕಾಯಲಿ. ಮೆದು ಮಾತಿನ ಅಜ್ಜಂದಿರನ್ನು ನಾನಂತೂ ಇನ್ನು ನಂಬೋದಿಲ್ಲ.

ಅಪ್ಪನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಳಿಗೆ ಒಳಗೆ ನೋಡದೆ ತಗೊಂಡ್ಯಾ?" ಅಂದರು.

ಹಾಗೇ ಮಾರಿಬಿಡು ಅಂತ ಇಬ್ಬರು ಗೆಳೆಯರು ಹೇಳಿದರು. ಇದರಲ್ಲಿ ಇನ್ನೊಬ್ಬ ಈಡು ಹೊಡೆದು ಯಾರ ಕಣ್ಣಿಗಾದರೂ ಸೀಸ ಹಾರಿದರೆ? ನಿಪ್ಪಲ್ ಇಲ್ಲದ ನಾಲ್ಕು ತೂತು, ಬಿಚ್ಚದ ಎರಡು, ಹಾಗೇ ಕಪಾಟಿನಲ್ಲಿದೆ. ಡಲ್ಲಾಸ್ ಸುತ್ತಮುತ್ತ ಕೇಪಿನ ರಿವಾಲ್ವರ್ ರಿಪೇರಿ ಮಾಡುವವರು ಗೊತ್ತಿದ್ದರೆ ತಿಳಿಸಿ. ಹೊಸ ಸಿಲಿಂಡರ್ ಕೂರಿಸಲು ಎಷ್ಟು ತಗೊಳ್ಳುತ್ತಾರೆ ಅನ್ನುವುದನ್ನೂ ಹೇಳಿ, ಹೆಂಡತಿಗೆ ಕೇಳಿಸದ ಹಾಗೆ.