ಅಧ್ಯಕ್ಷರ ವಂಶ ಬೇಗ ಸಿಕ್ಕಿತು, ಹೆಂಡತಿಯರದ್ದು ಕಾಡಿಸಿತು

ಅಮೆರಿಕದ ಅಧ್ಯಕ್ಷರು ಮತ್ತು ಅವರ ಹೆಂಡತಿಯರ ವಂಶ ಹುಡುಕುವ ನನ್ನ ಕೆಲಸ ಶುರುವಾಗಿದ್ದು ಎಲೀನರ್ ರೂಸ್‌ವೆಲ್ಟ್ ಹೆಸರಿನಿಂದ. ಮದುವೆಗೆ ಮುಂಚೆಯೂ ಆಕೆ ರೂಸ್‌ವೆಲ್ಟ್, ಆಮೇಲೂ ರೂಸ್‌ವೆಲ್ಟ್. ತಂದೆ ತೀರಿಕೊಂಡಿದ್ದರಿಂದ 1905ರ ಮದುವೆಯಲ್ಲಿ ಆಕೆಯನ್ನು ಕೈಹಿಡಿದು ಕರೆತಂದವರು ದೊಡ್ಡಪ್ಪ, ಅಂದರೆ ಆಗಿನ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್. ಹಾಗಾದ್ರೆ ಮದುಮಗ, ಮುಂದೆ ತಾನೂ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟ್, ಆಕೆಗೆ ಏನಾಗಬೇಕು? ಈ ಒಂದು ಪ್ರಶ್ನೆ ಹಿಡಿದು ಹೊರಟವನು ಮೂರು ದಾರಿ ಸುತ್ತಿ ಬಂದೆ.

ಮೊದಲು ಅಚ್ಚಾದ ಪುಸ್ತಕ. ಲೈಬ್ರರಿಯಿಂದ ತಂದ ದಪ್ಪ ಸಂಪುಟ, ಎರಡು ವಾರ ಮೇಜಿನ ಮೇಲೆ ಇಟ್ಟಿಗೆ ಥರ ಕೂತಿತ್ತು. ಅಧ್ಯಕ್ಷರ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲ ಸಾಲಾಗಿ ಇದ್ದಾರೆ. ಹೆಂಡತಿ ಬಂದಳೋ, ಇಂಥವರ ಮಗಳು ಅಂತ ಒಂದು ಸಾಲು, ಮುಗೀತು. ವಾಪಸ್ ಕೊಟ್ಟೆ.

ಎರಡನೆಯದು, ಎಲ್ಲರೂ ಸೇರಿ ಆನ್‌ಲೈನಿನಲ್ಲಿ ಕಟ್ಟುವ ಉಚಿತ ವಂಶವೃಕ್ಷಗಳು. ವಿಕಿಟ್ರೀ ಮತ್ತು ಫ್ಯಾಮಿಲಿಸರ್ಚ್ ಎರಡನ್ನೂ ಬಳಸಿದೆ. ವಿಕಿಟ್ರೀಯಲ್ಲಿ ಇಬ್ಬರ ಹೆಸರು ಕೊಟ್ಟರೆ ನಂಟು ಹುಡುಕಿಕೊಡುವ ಸವಲತ್ತಿದೆ, ನನಗೆ ಬೇಕಾಗಿದ್ದೂ ಅದೇ. 17ನೇ ಶತಮಾನದಲ್ಲಿ ಹಾಲೆಂಡಿನಿಂದ ನ್ಯೂ ಆಮ್‌ಸ್ಟರ್‌ಡ್ಯಾಮಿಗೆ, ಅಂದರೆ ಇವತ್ತಿನ ನ್ಯೂಯಾರ್ಕಿಗೆ, ಬಂದ ಕ್ಲಾಸ್ ಎಂಬಾತ ಇಬ್ಬರಿಗೂ ಮೂಲಪುರುಷ. ಅವನ ಮಗ ನಿಕೋಲಸ್. ನಿಕೋಲಸನ ಮಗ ಯೊಹಾನಸ್‌ನ ಕವಲಿನಲ್ಲಿ ಥಿಯೋಡರ್ ಮತ್ತು ಎಲೀನರ್, ಇನ್ನೊಬ್ಬ ಮಗ ಯಾಕೋಬಸ್‌ನ ಕವಲಿನಲ್ಲಿ ಫ್ರಾಂಕ್ಲಿನ್. ಬೆರಳು ಮಡಚಿ ಎಣಿಸಿದೆ. ನಿಕೋಲಸನಿಂದ ಕೆಳಗೆ ಫ್ರಾಂಕ್ಲಿನ್ ಆರನೇ ತಲೆ, ಎಲೀನರ್ ಏಳನೇ ತಲೆ. ನಮ್ಮ ಲೆಕ್ಕದಲ್ಲಿ ಮದುಮಗ ಮದುಮಗಳಿಗೆ ದಾಯಾದಿ ಚಿಕ್ಕಪ್ಪ! ಇಂಗ್ಲಿಷಿನವರು ಇದಕ್ಕೂ ‘ಕಸಿನ್’ ಅಂದುಬಿಡುತ್ತಾರೆ. ಅದಕ್ಕೇ ಎಷ್ಟು ಓದಿದರೂ ನನಗೆ ತಲೆಗೆ ಹತ್ತಿರಲಿಲ್ಲ.

ಆದರೆ ಇಂಥ ವೃಕ್ಷಗಳನ್ನು ಯಾರು ಬೇಕಾದರೂ ತಿದ್ದಬಹುದು. ಬೇರೊಂದು ತಾಣದಲ್ಲಿ, ಹೆಸರು ಬೇಡ, ತಾಯಿ ಹುಟ್ಟುವ ಮೊದಲೇ ಮಗ ಹುಟ್ಟಿಬಿಟ್ಟಿದ್ದ. ಕೆಳಗೆ ಆಧಾರ ಇದೆಯಾ ಅಂತ ನೋಡದೆ ಸುಮ್ನೆ ನಕಲು ಮಾಡಿಕೊಂಡಿದ್ದು ನನ್ನದೇ ತಪ್ಪು.

ಮೂರನೆಯದು ಮೂಲ ಕಾಗದ. ಇದು ನಿಧಾನ, ಕಣ್ಣು ನೋವು, ಆದರೆ ನನಗೆ ಜಾಸ್ತಿ ಹಿಡಿಸಿದ್ದು ಇದೇ. ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿಯವರು ಎರಡನೇ ಅಧ್ಯಕ್ಷ ಜಾನ್ ಆ್ಯಡಮ್ಸ್ ಮತ್ತು ಹೆಂಡತಿ ಅಬಿಗೇಲ್ ದಂಪತಿಯ ಸಾವಿರಕ್ಕೂ ಹೆಚ್ಚು ಪತ್ರಗಳನ್ನು ಆನ್‌ಲೈನಿನಲ್ಲಿ ಇಟ್ಟಿದ್ದಾರೆ. ಕೈಬರಹದ ಚಿತ್ರವೂ ಇದೆ, ಅಚ್ಚು ಅಕ್ಷರದ ಪಾಠವೂ ಇದೆ. ಮುಂದೆ ಅಧ್ಯಕ್ಷನಾದ ಇವರ ಮಗ ಜಾನ್ ಕ್ವಿನ್ಸಿಗೆ ಆ ಹೆಸರು ಬಂದದ್ದು ತಾಯಿಯ ಕಡೆಯಿಂದ. 1767ರಲ್ಲಿ ಮಗು ಹುಟ್ಟಿದಾಗ ಅಬಿಗೇಲ್‌ಳ ಅಜ್ಜ ಕರ್ನಲ್ ಜಾನ್ ಕ್ವಿನ್ಸಿ ಸಾವಿನ ಹಾಸಿಗೆಯಲ್ಲಿದ್ದರು. ಅವರ ಮಗಳು, ಅಂದರೆ ಮಗುವಿನ ಅಜ್ಜಿ, ನಮ್ಮಪ್ಪನ ಹೆಸರಿಡಿ ಅಂತ ಕೇಳಿಕೊಂಡಳಂತೆ. ಅಪ್ಪನ ವಂಶ ಮಾತ್ರ ಹಿಡಿದು ಹೋದರೆ ಇದು ಸಿಗುತ್ತಿತ್ತಾ?

ಕಾಗದವೂ ಕೈಕೊಡುವ ಜಾಗ ಇದೆ. ಮಿಶೆಲ್ ಒಬಾಮಾ ಅವರ ತಾಯಿಯ ಕಡೆಯ ಹಿರಿಯಳು ಮೆಲ್ವೀನಿಯಾ, ಗುಲಾಮಳಾಗಿದ್ದವಳು. 1850ರ ಜನಗಣತಿಯ ಗುಲಾಮರ ಪಟ್ಟಿಯ ಪುಟಗಳನ್ನು ತೆರೆದು ನೋಡಿದೆ. ಒಡೆಯನ ಹೆಸರಿದೆ. ಅದರ ಕೆಳಗೆ ಬರೀ ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಸಾಲಿಗೊಂದು ಜೀವ, ಹೆಸರೇ ಇಲ್ಲ. ಆಕೆಯ ಹೆಸರು ಉಳಿದದ್ದು ದಕ್ಷಿಣ ಕೆರೊಲಿನಾದ ಒಬ್ಬ ಮುದಿ ಒಡೆಯನ ಉಯಿಲಿನಲ್ಲಿ, ನೂಲುವ ರಾಟೆ, ಕುಡುಗೋಲು, ದನಕರುಗಳ ಜೊತೆ. ಆಗ ಆಕೆಗೆ ಸುಮಾರು ಆರು ವರ್ಷ. ಆಮೇಲೆ ಆಸ್ತಿಯ ಲೆಕ್ಕ ಹಾಕಿದಾಗ ಕಟ್ಟಿದ ಬೆಲೆ 475 ಡಾಲರ್. ಆ ಮೊತ್ತ ಓದಿದ ದಿನ ಲ್ಯಾಪ್‌ಟಾಪ್ ಮುಚ್ಚಿ ಎದ್ದುಬಿಟ್ಟೆ. ಬಿಡುಗಡೆಯಾದವರ ಹೆಸರು ಜನಗಣತಿಗೆ ಬಂದದ್ದು 1870ರಲ್ಲಿ, ಮೆಲ್ವೀನಿಯಾಳ ಹೆಸರೂ ಆಗಲೇ.

ನನ್ನನ್ನು ಕೇಳಿದರೆ, ನಂಟು ಗೊತ್ತಾಗಬೇಕಾದರೆ ವಿಕಿಟ್ರೀ, ಹೆಂಡತಿಯರ ಮನೆತನ ಬೇಕಾದರೆ ಪತ್ರ, ಉಯಿಲು, ಜನಗಣತಿ. ಪುಸ್ತಕಕ್ಕೆ ದುಡ್ಡು ಹಾಕಬೇಡಿ. 1890ರ ಜನಗಣತಿ ಹುಡುಕಲೂ ಹೋಗಬೇಡಿ. 1921ರಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿದ್ದು ಅದರ ಬಹುಪಾಲು ಹಾಳಾಗಿದೆ. ನನಗಿದು ಗೊತ್ತಾಗಿದ್ದು ಒಂದು ಭಾನುವಾರ ಪೂರ್ತಿ ಹುಡುಕಿದ ಮೇಲೆ.